ಕೋಚ್ ಹುಟ್ಟಿದ ವಾರ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಎಲ್ಲರ ಎದುರು ಆ ಹೆಸರನ್ನು ಬಾಯಿಗೆ ತಂದು ನಾನು ಮಾಡಿದ್ದೇ ಸಾಕು. ನಾವೆಲ್ಲ ಅವರನ್ನು ಕೋಚ್ ಎಂದೇ ಕರೆಯುತ್ತಿದ್ದೆವು. ಇಲ್ಲಿಯೂ ಅದೇ ಇರಲಿ.

ಕಳೆದ ತಿಂಗಳು ಷಾರ್ಲೆಟ್‌ನಿಂದ ಅವರ ಹೆಂಡತಿ ನನ್ನ ಮಗಳ ಫೋನಿಗೆ ಮೆಸೇಜ್ ಕಳಿಸಿದ್ದರು. ಕೋಚ್ ಕೆಲಸ ನಿಲ್ಲಿಸುತ್ತಿದ್ದಾರೆ, ಮಂಡಿ ಇನ್ನು ಮಾತು ಕೇಳುವುದಿಲ್ಲ, ಶುಕ್ರವಾರ ಎಲ್ಲರೂ ಊಟಕ್ಕೆ ಬನ್ನಿ ಎಂದು. ಕೊನೆಯಲ್ಲಿ ‘ಅಮ್ಮನನ್ನೂ ಕರೆದುಕೊಂಡು ಬಾ’ ಎಂದಿತ್ತು. ಆ ಸಾಲನ್ನು ಓದಿದ ಮೇಲೆ ದೇವರ ಮನೆಯಲ್ಲಿ ದೀಪ ಹಚ್ಚಿದೆ.

ಅವರನ್ನು ಮೊದಲು ನೋಡಿದ್ದು ಕೋವಿಡ್ ಕಳೆದ ಮರುವರ್ಷ. ಮಗಳಿಗೆ ಹತ್ತು ವರ್ಷ. ಸ್ಟರ್ಲಿಂಗ್‌ನ ನಮ್ಮ ಟೌನ್‌ಹೌಸಿನ ಮಹಡಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಕೂತು ಮಾತನ್ನೇ ಮರೆತವಳ ಹಾಗಾಗಿದ್ದಳು. ಏನು ಕೇಳಿದರೂ ಭುಜ ಕುಣಿಸುವುದು. ಯಾರೋ ಹೇಳಿದರೆಂದು ಶ್ಯಾಂಟಿಲಿಯ ಒಂದು ಸಾಕರ್ ಕ್ಲಬ್ಬಿಗೆ ಸೇರಿಸಿದೆವು. ಮೈದಾನಕ್ಕೆ ಹೋದರೆ ಅಲ್ಲೊಬ್ಬ ಎತ್ತರದ, ಒಣಕಲು ಮೈಯ ಮನುಷ್ಯ ಎಡಗಾಲನ್ನು ಸ್ವಲ್ಪ ಎಳೆದುಕೊಂಡು ನಡೆಯುತ್ತಾ ಒಂದೊಂದು ಬಾಲನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು, ನಾವು ಮಾವಿನಹಣ್ಣು ಒತ್ತಿ ನೋಡುವ ಹಾಗೆ. ಘಾನಾ ದೇಶದವರು, ಹಿಂದೆ ದೊಡ್ಡ ಆಟಗಾರರು ಎಂದು ಟೀಮ್ ಮ್ಯಾನೇಜರ್ ಹೇಳಿದರು. ಆ ಮ್ಯಾನೇಜರ್ ಎಂದರೆ ನಮ್ಮ ಮೈಸೂರಿನ ರಾಯರು, ಒಬ್ಬ ಹುಡುಗಿಯ ತಂದೆ. ಸಾಫ್ಟ್‌ವೇರ್ ಕೆಲಸ ಮುಗಿಸಿ ಬಂದು ಟೀಮಿನ ಲೆಕ್ಕಪತ್ರ, ಜೆರ್ಸಿ, ಕಿತ್ತಳೆ ಹೋಳು ಎಲ್ಲ ನೋಡಿಕೊಳ್ಳುತ್ತಿದ್ದರು.

ಮಗಳು ಹೈಫೈವ್ ಕೊಡಲು ಎಡಗೈ ಚಾಚಿದಳು. ಕೋಚ್ ತಮ್ಮ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಗುತ್ತಾ ನಿಂತರು. ಇವಳಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. "ಬಲಗೈ ಕೊಡೇ" ಎಂದೆ. ಕೊಟ್ಟಳು. ಆಗ ಅವರು ಎರಡು ಕೈಯಲ್ಲೂ ಅದನ್ನು ಹಿಡಿದುಕೊಂಡರು. ಎಡಗೈಯಲ್ಲಿ ಕೊಡಬಾರದು, ತೆಗೆದುಕೊಳ್ಳಬಾರದು ಎಂಬುದು ಅವರಲ್ಲೂ ಇದೆಯಂತೆ. ಆಟ ಶುರು ಮಾಡುವ ಮೊದಲು ಬಾಟಲಿಯ ನೀರನ್ನು ಒಂದಿಷ್ಟು ಹುಲ್ಲಿನ ಮೇಲೆ ಸುರಿದು, ತುಟಿಯಲ್ಲೇ ಏನೋ ಹೇಳಿಕೊಂಡರು. ಹಿರಿಯರಿಗೆ ಅಂತೆ. ನಾನು ಬೆಳಿಗ್ಗೆ ತುಳಸಿಗೆ ನೀರೆರೆದು ಬಂದವಳು. ಇವರ ಕೈಗೆ ಮಗಳನ್ನು ಒಪ್ಪಿಸಬಹುದು ಎಂದು ಆ ಕ್ಷಣವೇ ಮನಸ್ಸಿಗೆ ಬಂತು.

ನಾವು ತಂದೆತಾಯಿಗಳು ಗೆರೆಯ ಆಚೆ ಮಡಚುವ ಕುರ್ಚಿ ಹಾಕಿಕೊಂಡು ಕೂತು ಕಿರುಚುತ್ತಿದ್ದೆವು. "ಹೊಡಿಯೇ, ಹೊಡಿ! ಯಾರಿಗ್ ಕೊಡ್ತಿದ್ಯಾ ಅದನ್ನ?" ಎಂದು ರಾಯರು. ಟ್ಯೂಷನ್ನಿನಲ್ಲಿ ಕೂತ ಹಾಗೆ ನಮಗೆ ಪ್ರತಿ ಶನಿವಾರ ರ್‍ಯಾಂಕ್ ಬೇಕು. ಒಂದು ದಿನ ಕೋಚ್ ಬಂದು ನಮ್ಮ ಎದುರು ನಿಂತರು. ಅವರು ಇಂಗ್ಲಿಷಿನಲ್ಲಿ ಆಡಿದ್ದನ್ನು ನನಗೆ ತಿಳಿದ ಕನ್ನಡದಲ್ಲಿ ಬರೆಯುತ್ತೇನೆ. "ಬಾಲ್ ಯಾರ ಹತ್ರ ಇದೆಯೋ ಅವಳನ್ನ ನೀವೆಲ್ಲ ನೋಡ್ಕೊಳ್ಳಿ. ಅವಳಿಗೆ ನಾನು ಬೇಕಾಗಿಲ್ಲ. ಬಾಲ್ ಇಲ್ಲದವಳನ್ನ ನಾನು ನೋಡ್ಕೊಳ್ತೀನಿ."

ಬಾಲ್ ಇಲ್ಲದವಳು ಎಂದರೆ ಹೆಚ್ಚಾಗಿ ನನ್ನ ಮಗಳೇ. ಅವಳನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿ, ಎಲ್ಲಿ ನಿಂತರೆ ಎದುರಾಳಿಗೆ ದಾರಿ ಮುಚ್ಚುತ್ತದೆ ಎಂದು ತಿಂಗಳುಗಟ್ಟಲೆ ತೋರಿಸಿದರು. ಒಂದು ಸಂಜೆ ಕಾರಿನಲ್ಲಿ ಮನೆಗೆ ಬರುವಾಗ ಅವಳು ತಾನಾಗಿಯೇ ಮಾತಾಡತೊಡಗಿದಳು. ಸ್ಟರ್ಲಿಂಗ್ ತಲುಪುವವರೆಗೂ ನಿಲ್ಲಿಸಲಿಲ್ಲ. ನಾನು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದರಲ್ಲಿ ಕಣ್ಣೊರೆಸಿಕೊಂಡೆ. ನಮ್ಮ ಯಜಮಾನರ ವೀಸಾ ಎಕ್ಸ್‌ಟೆನ್ಷನ್ ಬಂದದ್ದು, ನನ್ನ ಥೈರಾಯ್ಡ್ ಹತೋಟಿಗೆ ಬಂದದ್ದು, ಇವಳು ಬಾಯಿ ಬಿಟ್ಟದ್ದು. ಆ ವರ್ಷ ದೇವರು ಕೊಟ್ಟದ್ದನ್ನು ಹೀಗೆ ಬೆರಳು ಮಡಚಿ ಎಣಿಸುತ್ತಿದ್ದೆ.

ಒಂದು ಭಾನುವಾರ ಅವರನ್ನೂ ಅವರ ಹೆಂಡತಿಯನ್ನೂ ಊಟಕ್ಕೆ ಕರೆದೆ. ನಾವು ಮಂಡ್ಯದ ಕಡೆಯವರು, ರಾಗಿಮುದ್ದೆ, ಸೊಪ್ಪಿನ ಸಾರು ಮಾಡಿದ್ದೆ. ಪಾಪ ಹೇಗೆ ತಿನ್ನುತ್ತಾರೋ ಎಂದು ಪಕ್ಕದಲ್ಲಿ ಚಮಚವನ್ನೂ ಇಟ್ಟಿದ್ದೆ. ಕೋಚ್ ಚಮಚವನ್ನು ಆಚೆ ಸರಿಸಿದರು. ಬಲಗೈಯಲ್ಲಿ ಮುದ್ದೆ ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ, ಅಗಿಯದೆ ಗುಳುಂ ಎಂದು ನುಂಗಿದರು. ನಮ್ಮ ಯಜಮಾನರು ತಟ್ಟೆ ಬಿಟ್ಟು ಅವರ ಗಂಟಲನ್ನೇ ನೋಡುತ್ತಿದ್ದರು.

"ಏನೇ ಇವ್ರು, ನಿಮ್ಮಣ್ಣನ ತರ ನುಂಗ್ತಾರೆ!" ಎಂದರು ನನಗೆ.

ಅವರ ಊರಿನಲ್ಲೂ ಗೆಣಸಿನ ಜಾತಿಯ ಗೆಡ್ಡೆಯನ್ನು ಕುಟ್ಟಿ ಹೀಗೆಯೇ ಮುದ್ದೆ ಮಾಡುತ್ತಾರಂತೆ, ಅಗಿದರೆ ಅಜ್ಜಿಯಂದಿರು ಬೈಯುತ್ತಾರಂತೆ. ಆ ದಿನವೇ ತಮ್ಮ ಹೆಸರಿನ ವಿಷಯ ಹೇಳಿದ್ದು. ಅವರಲ್ಲಿ ಮಗು ಹುಟ್ಟಿದ ವಾರವೇ ಅದರ ಮೊದಲ ಹೆಸರು. ಯಾರು ಬೇಕಾದರೂ ಹೆಸರು ಕೇಳಿ ವಾರ ಹೇಳಬಹುದು. "ನಾನು ಶುಕ್ರವಾರ" ಎಂದರು. ನಮ್ಮಲ್ಲಿ ಅದು ಲಕ್ಷ್ಮಿಯ ವಾರ ಎಂದು ನಾನು ಹೇಳಿದಾಗ, "ಹಾಗಾದ್ರೆ ನಮ್ಮಮ್ಮ ಸುಳ್ಳು ಹೇಳಿರಲಿಲ್ಲ, ನನ್ನನ್ನ ಸಿರಿವಂತ ಅಂತಿದ್ಲು" ಎಂದು ಬಹಳ ಹೊತ್ತು ನಕ್ಕರು.

ಆ ಬೇಸಿಗೆ ಟೂರ್ನಮೆಂಟಿಗೆಂದು ಅಟ್ಲಾಂಟಾಗೆ ಹೋದೆವು. ತಾಯಂದಿರು ಹೋಟೆಲ್ ರೂಮಿಗೆ ರೈಸ್ ಕುಕ್ಕರ್ ಒಯ್ದು, ಪುಳಿಯೋಗರೆ ಗೊಜ್ಜು ಕಲಸಿ, ಹೊಗೆಯ ಅಲಾರಂ ಹೊಡೆದುಕೊಳ್ಳದಿರಲಿ ಎಂದು ಕಿಟಕಿ ತೆಗೆದು ಬೇಡಿಕೊಂಡಿದ್ದು ನೆನೆದರೆ ಈಗಲೂ ನಗು ಬರುತ್ತದೆ. ಎರಡನೇ ದಿನವೇ ಸೋತೆವು. ಹುಡುಗಿಯರ ಮುಖ ನೋಡಲಾಗದೆ ಕೋಚ್ ಎಲ್ಲರನ್ನೂ ಒಂದು ಬಫೆ ಹೋಟೆಲಿಗೆ ಕರೆದುಕೊಂಡು ಹೋದರು. ಬಾಗಿಲಲ್ಲೇ ದುಡ್ಡು ಕೊಟ್ಟು ಒಳಗೆ ಹೋಗಬೇಕು. ಹತ್ತು ವರ್ಷದವರೆಗೆ ಅರ್ಧ ದರ ಎಂದು ಬೋರ್ಡು ಹಾಕಿದ್ದರು. ಮಗಳಿಗೆ ಹನ್ನೊಂದು ತುಂಬಿ ಎರಡು ತಿಂಗಳಾಗಿತ್ತು.

"ಒಂದು ಅಡಲ್ಟು, ಒಂದು ಚೈಲ್ಡು. ಟೆನ್" ಎಂದೆ ನಾನು. ಎಲ್ಲರೂ ಹೇಳುತ್ತಾರಲ್ಲ, ಎರಡು ತಿಂಗಳು ಯಾವ ದೊಡ್ಡ ಮಾತು. ಊರಿನಲ್ಲಿ ಬಸ್ಸು ಹತ್ತುವಾಗ ಅಮ್ಮ ನನ್ನನ್ನು ಎಷ್ಟು ವರ್ಷ ಐದು ವರ್ಷದವಳಾಗಿಯೇ ಇಟ್ಟಿದ್ದಳು!

ಕೋಚ್ ನನ್ನ ಹಿಂದೆಯೇ ನಿಂತಿದ್ದರು. ಅವರು ನನ್ನನ್ನು ಏನೂ ಕೇಳಲಿಲ್ಲ. ಬಗ್ಗಿ ಮಗಳನ್ನು ಕೇಳಿದರು, "ನಿನಗೆ ಎಷ್ಟು ವರ್ಷ?"

ಮಗಳು ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. "ಇಲೆವೆನ್, ಕೋಚ್."

"ಇವಳಿಗೆ ಹನ್ನೊಂದು" ಎಂದು ಅವರು ಕೌಂಟರಿನವಳಿಗೆ ಹೇಳಿ ಹಿಂದೆ ಸರಿದರು.

ಸಾಲಿನಲ್ಲಿದ್ದ ರಾಯರ ಹೆಂಡತಿ ಎಂದೂ ಓದದ ಮೆನು ಓದುತ್ತಿದ್ದಳು. ನಾನು ಬಾಕಿ ಡಾಲರುಗಳನ್ನು ಕೊಟ್ಟು, ಒಳಗೆ ಹೋಗಿ, ಒಂದು ತಟ್ಟೆ ಅನ್ನವನ್ನೂ ಸರಿಯಾಗಿ ತಿನ್ನಲಿಲ್ಲ. ಯಃಕಶ್ಚಿತ್ ನಾಲ್ಕು ಡಾಲರಿಗೆ ಮಗಳ ಎದುರು ಮರ್ಯಾದೆ ತೆಗೆಯುವುದೇ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕೋಚ್ ತಮ್ಮ ತಟ್ಟೆ ತೆಗೆದುಕೊಂಡು ಬಂದು ನನ್ನ ಎದುರು ಕೂತರು.

"ಮೇಡಂ, ಸಿಟ್ಟಾಗಿದ್ದೀರಿ."

"ಇಲ್ಲಪ್ಪ."

"ಆಗಿದ್ದೀರಿ. ಆಗಬೇಕು. ಆದರೆ ಅವಳ ಬಾಯಲ್ಲಿ ಅವಳ ವಯಸ್ಸನ್ನ ಕಡಿಮೆ ಮಾಡಿಸಬೇಡಿ. ಇವತ್ತು ಊಟಕ್ಕೆ ಹೇಳ್ತಾಳೆ. ಆಮೇಲೆ ವಾಪಸ್ ತಗೊಳ್ಳೋದು ಕಷ್ಟ."

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ದೊಡ್ಡ ಮುಖವೇಕೆ ಎಂದು ಆಗ ತಿಳಿಯಲಿಲ್ಲ. ಬಹಳ ಕಟ್ಟುನಿಟ್ಟಿನ ಮನುಷ್ಯ ಎಂದುಕೊಂಡು ಮನೆಗೆ ಬಂದೆ.

ಮುಂದಿನ ವಸಂತದಲ್ಲಿ ಅವರ ಮಂಡಿಗೆ ಆಪರೇಷನ್ ಎಂದು ಗೊತ್ತಾಯಿತು. ಅದೇ ಹೊತ್ತಿಗೆ ಕ್ಲಬ್ಬಿನವರು ಅವರನ್ನು ಹುಡುಗಿಯರ ಇಡೀ ವಿಭಾಗಕ್ಕೆ ಮುಖ್ಯಸ್ಥರನ್ನಾಗಿ ಮಾಡುತ್ತಾರೆ ಎಂಬ ಸುದ್ದಿಯೂ ಇತ್ತು. ಮೈದಾನದಿಂದ ಮೈದಾನಕ್ಕೆ ಗಂಟೆಯ ಲೆಕ್ಕದಲ್ಲಿ ಓಡುತ್ತಿದ್ದವರಿಗೆ ಮೊದಲ ಸಲ ಸಂಬಳದ ಕೆಲಸ, ಹೆಲ್ತ್ ಇನ್ಶೂರೆನ್ಸ್. ಅವರ ಹೆಂಡತಿ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿಗೆ ಹೋಗುತ್ತಿದ್ದರು. ಅದು ನಿಲ್ಲುತ್ತದೆ ಎಂದು ಸಂತೋಷಪಟ್ಟಿದ್ದರು. ಎಲ್ಲವೂ ಸುಸೂತ್ರವಾಗಲಿ ಎಂದು ನಾನು ದೇವಸ್ಥಾನದಲ್ಲಿ ಅರ್ಚನೆ ಮಾಡಿಸಲು ಹೊರಟೆ. ಅರ್ಚನೆಗೆ ಹೆಸರು, ನಕ್ಷತ್ರ ಬೇಕಲ್ಲ. ಹುಟ್ಟಿದ ತಾರೀಕು ಕೇಳಿದೆ. ಅವರು ಕ್ಷಣ ತಡೆದು ಹೇಳಿದರು. ಫೋನಿನ ಪಂಚಾಂಗದಲ್ಲಿ ಹಾಕಿ ನೋಡಿದೆ. ನಕ್ಷತ್ರ ಬಂತು. ಜೊತೆಗೆ ವಾರವೂ ಬಂತು. ಮಂಗಳವಾರ.

ಇಲ್ಲಿಗೆ ಸುಮ್ಮನಾಗಬಹುದಿತ್ತು. ಸುಮ್ಮನಿರುವ ಬುದ್ಧಿ ದೇವರು ನನಗೆ ಕೊಟ್ಟಿಲ್ಲ. ಮರುದಿನ ಅರ್ಚನೆ ಮುಗಿಸಿ ಪ್ರಾಕ್ಟೀಸಿಗೆ ಪ್ರಸಾದ ತೆಗೆದುಕೊಂಡು ಹೋದೆ. ತಂದೆತಾಯಿಗಳೆಲ್ಲ ಇದ್ದರು. ಕೋಚ್ ಬಲಗೈ ಚಾಚಿದರು. ಬಾಳೆಹಣ್ಣು ಕೊಡುತ್ತಾ, ತಮಾಷೆಗೆಂದು, ಎಲ್ಲರಿಗೂ ಕೇಳುವ ಹಾಗೆ ಅವರ ಹೆಸರು ಹಿಡಿದು ಹೇಳಿದೆ. "ನಿಮ್ಮ ಹೆಸರು ಶುಕ್ರವಾರ, ನೀವು ಕೊಟ್ಟ ತಾರೀಕು ಮಂಗಳವಾರ! ಮುಂದಿನ ಸಲ ದೇವರಿಗೆ ನಾನು ಯಾವುದನ್ನ ಹೇಳಲಿ?"

ರಾಯರು ಜೋರಾಗಿ ನಕ್ಕರು. "ಹಂಗಾದ್ರೆ ಎರಡರಲ್ಲಿ ಒಂದು ಫೇಕು, ಕೋಚ್! ನಿಜ ಹೇಳಿ, ಎಷ್ಟು ವಯಸ್ಸು ನಿಮ್ದು?"

ಕೋಚ್ ನಗಲಿಲ್ಲ. ಚಾಚಿದ ಕೈ ಚಾಚಿದ ಹಾಗೆಯೇ ಇತ್ತು, ಅದರಲ್ಲಿ ನನ್ನ ಬಾಳೆಹಣ್ಣು. ಆ ಮುಖವನ್ನು ನಾನು ಮರೆಯುವುದಿಲ್ಲ. ಅಟ್ಲಾಂಟಾದ ಕೌಂಟರಿನ ಮುಂದೆ ನನ್ನ ಮುಖವೂ ಹೀಗೆಯೇ ಇದ್ದಿರಬೇಕು. "ಗುರುವಾರ ಹೇಳ್ತೀನಿ" ಎಂದರು. ಪ್ರಸಾದವನ್ನು ಹಣೆಗೆ ಒತ್ತಿಕೊಂಡು, ಕಾಲೆಳೆಯುತ್ತಾ ಮೈದಾನದ ಆ ತುದಿಗೆ ಹೋದರು.

ಗುರುವಾರ ಹುಡುಗಿಯರನ್ನು ಹುಲ್ಲಿನ ಮೇಲೆ ಕೂರಿಸಿ, ನಮ್ಮನ್ನೂ ಹತ್ತಿರ ಕರೆದರು.

"ನನಗೆ ನೀವು ಅಂದುಕೊಂಡದ್ದಕ್ಕಿಂತ ಐದು ವರ್ಷ ಹೆಚ್ಚು" ಎಂದು ಶುರು ಮಾಡಿದರು. ಲಾರಿಗಳು ನಿಲ್ಲುವ ಜಾಗದ ಹಿಂದೆ ಬರಿಗಾಲಲ್ಲಿ ಆಡುತ್ತಿದ್ದಾಗ ಒಬ್ಬಾತ ಬಂದು, ಇಪ್ಪತ್ತೊಂದು ಅಂದರೆ ಯಾರೂ ಕೊಳ್ಳುವುದಿಲ್ಲ, ಹದಿನಾರು ಅನ್ನು ಎಂದನಂತೆ. ಮನೆಯಲ್ಲಿ ತಮ್ಮತಂಗಿಯರು ತುಂಬಿದ್ದರು. ಇವರು ಹೂಂ ಅಂದರು. ಕಾಗದಪತ್ರವನ್ನೆಲ್ಲ ಅವನೇ ಮಾಡಿಸಿದ. ಮನೆಗೆ ಬಂದು ಹೇಳಿದಾಗ ತಾಯಿ ಕೇಳಿದ್ದು ಒಂದೇ ಮಾತು. "ವಾರವನ್ನೂ ಕೊಟ್ಟುಬಿಟ್ಟೆಯಾ?"

ಹದಿನಾರರ ಹುಡುಗರ ಪಂದ್ಯದಲ್ಲಿ ದೇಶದ ಪರ ಆಡಿ ಪದಕ ಗೆದ್ದರು. ಆ ಪಂದ್ಯದಲ್ಲಿ ಎದುರಾಳಿ ಹುಡುಗನೊಬ್ಬ ಇವರ ಭುಜ ತಾಗಿ ಬಿದ್ದನಂತೆ. "ಏಳುವಾಗ ನನ್ನ ಕೆನ್ನೆ ನೋಡಿದ. ನಾನು ಆ ಬೆಳಿಗ್ಗೆ ಎರಡು ಸಲ ಶೇವ್ ಮಾಡಿದ್ದೆ. ಅವನಿನ್ನೂ ಶೇವ್ ಮಾಡದ ಹುಡುಗ. ಏನೂ ಹೇಳಲಿಲ್ಲ. ನೋಡಿದ, ಅಷ್ಟೆ. ಅವನಿಗೆ ಗೊತ್ತಾಯ್ತು." ಆಮೇಲೆ ಯುರೋಪಿನ ಒಂದು ಚಳಿಯ ದೇಶದಲ್ಲಿ ಎರಡನೇ ದರ್ಜೆಯ ಕ್ಲಬ್ಬು. ಕಾಗದದ ಮೇಲೆ ಇಪ್ಪತ್ತೆಂಟಾದಾಗ ಮಂಡಿಗೆ ಮೂವತ್ತಮೂರು. ಹುಡುಗ ಸೋಮಾರಿಯಾದ ಎಂದು ಪತ್ರಿಕೆಯವರು ಬರೆದರು. ಅಲ್ಲ, ನನಗೆ ವಯಸ್ಸಾಗಿದೆ ಎಂದು ಹೇಳುವ ಹಾಗೂ ಇರಲಿಲ್ಲ. ಪದಕವನ್ನು ಯಾರಿಗೂ ತೋರಿಸಿಲ್ಲ, ಎಸೆಯಲೂ ಆಗಿಲ್ಲ.

ಕೊನೆಗೆ ರಾಯರ ಮಗಳು ಕೈಯೆತ್ತಿದಳು. "ದೆನ್ ವೆನ್ ಈಸ್ ಯುವರ್ ರಿಯಲ್ ಬರ್ತ್‌ಡೇ, ಕೋಚ್?"

ಅವರು ತಾರೀಕು ಹೇಳಿದರು. ಬಹಳ ವರ್ಷ ಬಾಯಿಂದ ಆಡದ ಮಾತನ್ನು ಆಡುವವರ ಹಾಗೆ, ತಡೆದು ತಡೆದು. ನನ್ನ ಬೆರಳು ತಾನಾಗಿಯೇ ಫೋನಿನ ಕಡೆ ಹೋಯಿತು. ಅದನ್ನು ಹಿಡಿದು ನಿಲ್ಲಿಸಿದೆ. ನೋಡುವ ಅಗತ್ಯವಿರಲಿಲ್ಲ.

ಪಾರ್ಕಿಂಗ್ ಲಾಟಿನಲ್ಲಿ ನಮ್ಮವರೆಲ್ಲ ಗುಂಪು ಕೂಡಿದರು. "ಏನೇ ಹೇಳಿ, ಫೇಕ್ ಏಜು ಅಂದ್ರೆ ಸಾಮಾನ್ಯನಾ? ಮಕ್ಕಳ ಹತ್ರ ಇರೋ ಮನುಷ್ಯ" ಎಂದರು ರಾಯರು. "ಹೌದ್ರೀ, ಟ್ರಸ್ಟ್ ಮುಖ್ಯ" ಎಂದಳು ಅವರ ಹೆಂಡತಿ. ಇದೇ ರಾಯರು, ಎಲ್ಲರೂ ಮನೆಯಿಂದ ಅಡುಗೆ ತಂದು ಉಣ್ಣುವ ಒಂದು ಪಾಟ್‌ಲಕ್ಕಿನಲ್ಲಿ, ತಮ್ಮ ತಂದೆ, ಚಿಕ್ಕಪ್ಪಂದಿರು ಎಲ್ಲರೂ ಜೂನ್ ಒಂದರಂದೇ ಹುಟ್ಟಿದವರು, ಹೆಡ್‌ಮಾಸ್ತರರು ಬರೆದದ್ದೇ ಜಾತಕ ಎಂದು ನಮ್ಮನ್ನೆಲ್ಲ ನಗಿಸಿದ್ದರು. ನಮ್ಮ ಮನೆಯದೇನು? ನಮ್ಮ ತಂದೆಯವರ ಶಾಲೆಯ ತಾರೀಕು ನಿಜದ್ದಕ್ಕಿಂತ ಎರಡು ವರ್ಷ ಈಚೆಗಿತ್ತು. ಅದರಿಂದ ನೌಕರಿ ಎರಡು ವರ್ಷ ಹೆಚ್ಚು ಸಿಕ್ಕಿತೆಂದು ನಾವು ಶಾವಿಗೆ ಪಾಯಸ ಮಾಡಿ, ನೈವೇದ್ಯ ತೋರಿಸಿ ಉಂಡವರು. ದೇವರ ಮುಂದೆ ಇಟ್ಟು ಉಂಡವರು.

ಅದನ್ನು ಅಲ್ಲಿ ಹೇಳಬೇಕಿತ್ತು. ಕಾರಿನ ಕೀಲಿ ಹುಡುಕುತ್ತಿರುವವಳ ಹಾಗೆ ಬ್ಯಾಗಿನೊಳಗೆ ತಲೆ ಹಾಕಿ ನಿಂತೆ.

ಮಾತು ಕ್ಲಬ್ಬಿಗೂ ಮುಟ್ಟಿ, ಅವರು ತಂದೆತಾಯಿಗಳ ಸಭೆ ಕರೆದಾಗಲೂ ಹಾಗೆಯೇ. ಇವರ ಪರವಾಗಿ ಯಾರಾದರೂ ಮಾತಾಡುತ್ತೀರಾ ಎಂದು ಕೇಳಿದರು. ನನ್ನ ಇಂಗ್ಲಿಷು ಸಾಲದು, ಗಂಡಸರು ಯಾರಾದರೂ ಏಳಲಿ ಎಂದು ಕಾದೆ. ಯಾರೂ ಏಳಲಿಲ್ಲ. ಮಾತು ಬೇರೆ ವಿಷಯಕ್ಕೆ ಹೋಯಿತು. ಮುಖ್ಯಸ್ಥರ ಕೆಲಸ ಬೇರೆಯವರಿಗೆ ಸಿಕ್ಕಿತು. ಆಪರೇಷನ್ ಮುಗಿಸಿಕೊಂಡು, ಕೋಚ್ ಹೆಂಡತಿಯ ತಂಗಿ ಇದ್ದ ಷಾರ್ಲೆಟ್‌ಗೆ ಹೋಗಿ, ಅಲ್ಲೊಂದು ಚರ್ಚಿನ ಹಿಂದಿನ ಮೈದಾನದಲ್ಲಿ ಮಕ್ಕಳಿಗೆ ಹೇಳಿಕೊಡತೊಡಗಿದರು. ಹೆಂಡತಿಯ ರಾತ್ರಿ ಪಾಳಿ ಅಲ್ಲಿಯೂ ಮುಂದುವರಿಯಿತು.

ಮಗಳು ಸಭೆಯಾದ ವಾರವೆಲ್ಲ ನನ್ನ ಜೊತೆ ಮಾತಾಡಲಿಲ್ಲ. ಒಂದು ಬೆಳಿಗ್ಗೆ ದೋಸೆ ಹಾಕುತ್ತಿದ್ದಾಗ ಹಿಂದೆ ಬಂದು ನಿಂತಳು.

"ಅಮ್ಮ, ಅಟ್ಲಾಂಟಾದಲ್ಲಿ ಕೋಚ್ ನನ್ ಹತ್ರ ಮಾತ್ರ ಕೇಳಿದ್ರು, ನಿನ್ನನ್ ಕೇಳ್ಲಿಲ್ಲ. ಯೂ ನೋ ವೈ? ನಿನಗೆ ಬೇಜಾರಾಗತ್ತೆ ಅಂತ. ನೀನು ಅವ್ರನ್ನ ಎಲ್ಲರ್ ಮುಂದೆ ಕೇಳ್ದೆ."

ಕಾವಲಿಯ ಮೇಲೆ ದೋಸೆ ಸೀದುಹೋಯಿತು. ಅವಳಿಗೆ ಇನ್ನೊಂದು ಹಾಕಿಕೊಟ್ಟೆ.

ಹೀಗೆ ವರ್ಷಗಳು ಕಳೆದ ಮೇಲೆ ಆ ಮೆಸೇಜು. ಮಗಳಿಗೆ ಈಗ ಹದಿನೈದು, ನನಗಿಂತ ಗೇಣುದ್ದ ಎತ್ತರ. ನಾವಿಬ್ಬರೂ, ಜೊತೆಗೆ ರಾಯರ ಮಗಳೂ ಷಾರ್ಲೆಟ್‌ಗೆ ಡ್ರೈವ್ ಮಾಡಿಕೊಂಡು ಹೋದೆವು. ದಾರಿಯುದ್ದಕ್ಕೂ ಕ್ಷಮಿಸಿ ಎನ್ನಲು ಇಂಗ್ಲಿಷಿನಲ್ಲಿ ಮಾತು ಜೋಡಿಸುತ್ತಿದ್ದೆ. ಅವರು ಕರೆದದ್ದು ಮತ್ತೆ ಒಂದು ಬಫೆ ಹೋಟೆಲಿಗೆ. ಚರ್ಚಿನ ಮೈದಾನದ ಮಕ್ಕಳು, ಅವರ ತಂದೆತಾಯಿಗಳು, ಹಳೆಯ ಟೀಮಿನಿಂದ ನನ್ನ ಮಗಳು, ರಾಯರ ಮಗಳು. ಅವಳು ತಂದೆಗೆ ಹೇಳದೆ ನಮ್ಮ ಕಾರಿನಲ್ಲಿ ಬಂದಿದ್ದಳೆಂದು ನನಗೆ ಗೊತ್ತಾದದ್ದು ಆಮೇಲೆ.

ಕೋಚ್ ಕೋಲು ಊರಿಕೊಂಡು ಬಾಗಿಲಲ್ಲೇ ನಿಂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಮಾಡಿಕೊಂಡು ಹೋದ ಕೇಸರಿಬಾತಿನ ಡಬ್ಬಿಯನ್ನು ಬಲಗೈಯಲ್ಲಿ ಕೊಟ್ಟೆ, ಅವರು ಬಲಗೈಯಲ್ಲಿ ತೆಗೆದುಕೊಂಡರು. ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ.

"ಮೇಡಂ, ನನಗೆ ಅರವತ್ತಾಯ್ತು" ಎಂದರು. "ಹುಟ್ಟಿದ ತಾರೀಕು ಬುಧವಾರವೇ ಬಂದಿತ್ತು. ಶುಕ್ರವಾರ ಬರಲಿ ಅಂತ ಕಾದೆ."

ಅರವತ್ತು ಎಂದರೆ ನಮ್ಮಲ್ಲಿ ಹೋಮ ಮಾಡಿ, ಗಂಡಹೆಂಡಿರನ್ನು ಹಸೆಮಣೆಯ ಮೇಲೆ ಕೂರಿಸುತ್ತಾರೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಎಲ್ಲರ ದುಡ್ಡು ಕೊಡಲು ಕೌಂಟರಿಗೆ ಹೋದರು. ಗೋಡೆಯ ಮೇಲೆ ಬೋರ್ಡಿತ್ತು. ಮಕ್ಕಳಿಗೆ ಇಷ್ಟು, ಅರವತ್ತು ತುಂಬಿದವರಿಗೆ ಇಷ್ಟು ಕಡಿಮೆ.

"ಒಬ್ಬರು ಅರವತ್ತು" ಎಂದರು ಕೋಚ್, ತಮ್ಮ ಎದೆ ಮುಟ್ಟಿಕೊಂಡು. ಆ ಸಂಖ್ಯೆಯನ್ನು ಹೇಳುವ ಖುಷಿಗಾಗಿಯೇ ಹೇಳಿದ ಹಾಗಿತ್ತು.

ಕೌಂಟರಿನ ಹುಡುಗಿ ನಗುತ್ತಲೇ ಐಡಿ ಕೇಳಿದಳು. ಅವರು ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಟ್ಟರು. ಅದರಲ್ಲಿ ಇನ್ನೂ ಹಳೆಯ ತಾರೀಕೇ. ಬದಲಾಯಿಸಲು ವಕೀಲರ ಹತ್ತಿರ ಓಡಾಡುತ್ತಲೇ ಇದ್ದಾರೆ ಎಂದು ಅವರ ಹೆಂಡತಿ ಹೇಳಿದ್ದರು.

"ಸಾರಿ ಸರ್, ಇದರಲ್ಲಿ ನಿಮಗಿನ್ನೂ ಐವತ್ತೈದೂ ಆಗಿಲ್ಲ."

ಮಗಳು ನನ್ನ ಕಡೆ ತಿರುಗಿದಳು. ನಾನು ಮುಂದೆ ಹೋದೆ.

"ಅವರಿಗೆ ಅರವತ್ತು" ಎಂದೆ. ನನ್ನ ಮುರುಕು ಇಂಗ್ಲಿಷಿನಲ್ಲಿ, ಇಡೀ ಹೋಟೆಲಿಗೆ ಕೇಳುವ ಹಾಗೆ. "ಸಿಕ್ಸ್ಟಿ. ಬಾರ್ನ್ ಆನ್ ಫ್ರೈಡೇ. ಐ ನೋ."

ಹುಡುಗಿ ಪಾಪ ಕಂಪ್ಯೂಟರನ್ನೂ ನನ್ನನ್ನೂ ನೋಡಿದಳು. "ಸಾರಿ ಮ್ಯಾಮ್. ಕಾರ್ಡಿನಲ್ಲಿ ಹಾಗಿಲ್ಲ."

ಕೋಚ್ ಮುದ್ದೆ ನುಂಗಿದ ದಿನದ ಹಾಗೆ ತಲೆ ಹಿಂದಕ್ಕೆ ಎಸೆದು ನಕ್ಕರು. "ಬಿಡಿ ಮೇಡಂ. ಪೂರ್ತಿ ತಗೊಳ್ಳಲಿ" ಎನ್ನುತ್ತಾ ಬಲಗೈಯಲ್ಲಿ ನೋಟುಗಳನ್ನು ಕೊಟ್ಟರು. ಮಕ್ಕಳು ಅವರನ್ನು ಸುತ್ತುವರಿದು ಒಳಗೆ ಕರೆದುಕೊಂಡು ಹೋದರು.

ನಾನು ಕೌಂಟರಿನ ಮುಂದೆಯೇ ಒಂದು ಗಳಿಗೆ ನಿಂತೆ. ಮಂಗಳವಾರ ಎಂದು ನಾನು ನಗುತ್ತಾ ಹೇಳಿದಾಗ ಎಲ್ಲರಿಗೂ ಕೇಳಿಸಿತ್ತು. ಅರವತ್ತು ಎಂದು ಕೂಗಿ ಹೇಳಿದರೂ ಈಗ ಯಾರ ಲೆಕ್ಕಕ್ಕೂ ಬರಲಿಲ್ಲ.